ನಡೆಯದ ಸಭೆಯ ವರದಿ

ಆ ಹಿಂಬರಹದ ಕಾಗದ ಇನ್ನೂ ನನ್ನ ಹತ್ತಿರ ಇದೆ. ಸರ್ಕಾರಿ ಕಚೇರಿಗೆ ಅರ್ಜಿ ಕೊಟ್ಟರೆ ಅವರು ಬರೆದು ಕಳಿಸುವ ಉತ್ತರಕ್ಕೆ ಹಿಂಬರಹ ಅನ್ನುತ್ತಾರೆ. ಒಂದೇ ಹಾಳೆ, ಕೆಳಗೊಂದು ಮೊಹರು, ಮೇಲಿನ ಮೂಲೆಗೆ ಪಿನ್ನು ಹೊಡೆದ ಒಂದು ಪತ್ರಿಕೆಯ ತುಣುಕು. ಆ ತುಣುಕು ನಾನು ಬರೆದದ್ದು. ಬೀರುವಿನಲ್ಲಿ ನನ್ನ ಹೆಂಡತಿಯ ಆಸ್ಪತ್ರೆಯ ಕಾಗದಗಳ ಜೊತೆಗೇ ಅದನ್ನೂ ಇಟ್ಟಿದ್ದೇನೆ. ಎರಡೂ ಒಂದೇ ಕಡೆ ಇರಬೇಕಾದವು, ಯಾಕೆಂದು ಹೇಳುತ್ತೇನೆ.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಈ ನಾಲ್ಕು ಊರುಗಳಲ್ಲೂ ಒಂದಲ್ಲ ಒಂದು ಕಾಲಕ್ಕೆ ನಾನು ತಾಲ್ಲೂಕು ವರದಿಗಾರನಾಗಿದ್ದೆ. ಇದು ಯಾವ ತಾಲ್ಲೂಕಿನಲ್ಲಿ ನಡೆದದ್ದು, ಇದರಲ್ಲಿ ಬರುವ ನಾಯಕರು ಯಾರು ಎಂದು ಕೇಳಬೇಡಿ, ಹೇಳುವುದಿಲ್ಲ. ಕಾಲುವೆಯ ಮಾತು ಬರುವುದರಿಂದ, ಮಳೆಯನ್ನೇ ನಂಬಿದ ಜಗಳೂರಂತೂ ಅಲ್ಲ ಎಂದು ನೀವೇ ಊಹಿಸುತ್ತೀರಿ. ಅಷ್ಟಕ್ಕೇ ನಿಲ್ಲಿಸಿ. ನಾಯಕರು ಈ ನಾಲ್ಕೂ ತಾಲ್ಲೂಕಿನವರಲ್ಲ, ಹೊರಗಿನಿಂದ ಬಂದು ಹೋಗುತ್ತಿದ್ದವರು. ಆಗ ಸರ್ಕಾರದಲ್ಲಿ ಅವರ ಮಾತು ನಡೆಯುತ್ತಿತ್ತು. ಅವರ ಹೆಸರು ಬರೆಯದಿರುವುದು ದಯೆಯಿಂದಲ್ಲ. ಬರೆದರೆ ಓದಿದವರೆಲ್ಲ ಅವರನ್ನು ಬೈದು ನನ್ನನ್ನು ಬಿಟ್ಟುಬಿಡುತ್ತಾರೆ, ಅದು ನನಗೆ ಬೇಡ.

ನಾನು ಹುಟ್ಟಿನಿಂದಲೇ ಹೀಗಿರಲಿಲ್ಲ. ಜಗಳೂರಿನಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದಾಗ ಬಿಳಿಚೋಡಿನ ಕಡೆ ಸಿಡಿಲು ಬಡಿದು ಕುರಿಗಳು ಸತ್ತ ಸುದ್ದಿ ಬಂತು. ಬಸ್ಸಿನಲ್ಲಿ ಹೋಗಿ, ಅಲ್ಲಿಂದ ಹೊಲದ ಬದುಗಳ ಮೇಲೆ ನಡೆದು, ಕುರಿಗಾಹಿಯ ಜೊತೆ ಕೂತು ಮಾತಾಡಿ ಬಂದು ಬರೆದೆ. ಇಪ್ಪತ್ತು ಕುರಿ ಬಲಿ ಎಂದು ಬರೆದಿದ್ದೆ. ಮೂರನೇ ದಿನ ಆ ಕುರಿಗಾಹಿ ಕಂಬಳಿ ಹೊದ್ದುಕೊಂಡೇ ನನ್ನ ಬಾಗಿಲಿಗೆ ಬಂದ.

"ಹತ್ತೊಂಬತ್ತು ಸ್ವಾಮಿ ಸತ್ತಿದ್ದು. ಒಂದು ಎದ್ದು ಕುಂತೈತೆ, ಮೇವೂ ತಿಂತೈತೆ. ಬದುಕಿರಾದನ್ನೂ ಸಾಯಿಸ್ಬಿಟ್ರಲ್ಲ ನೀವು!"

ನಗು ಬಂತು, ಜೊತೆಗೆ ನಾಚಿಕೆಯೂ ಆಯಿತು. ಜಿಲ್ಲಾ ಕಚೇರಿಗೆ ಫೋನು ಮಾಡಿ ತಿದ್ದುಪಡಿ ಹಾಕಿಸಿದೆ. ಎರಡು ಸಾಲು ಬಂತು. ಆತ ಅದನ್ನು ಕತ್ತರಿಸಿ ಮಡಚಿ ಜೇಬಿಗಿಟ್ಟುಕೊಂಡ. ಒಂದು ಕುರಿಗಾಗಿ ಅಷ್ಟು ದೂರ ಬಂದನಲ್ಲ ಎಂದು ಆಗ ನಾನು ಎಲ್ಲರಿಗೂ ಹೇಳಿಕೊಂಡು ನಗುತ್ತಿದ್ದೆ. ಪತ್ರಿಕೆಯಲ್ಲಿ ಬಂದದ್ದು ನಿಜವಾಗಿರಬೇಕು ಎಂದು ಅವನಿಗೆ ಅನ್ನಿಸಿತ್ತು, ಅಷ್ಟೇ ವಿಷಯ.

ಮುಂದೆ ಊರು ಬದಲಾಯಿತು, ಬಸ್ಸೂ ತಪ್ಪಿತು. ತಾಲ್ಲೂಕು ವರದಿಗಾರನಿಗೆ ಪತ್ರಿಕೆಯವರು ಗಾಡಿ ಕೊಡುವುದಿಲ್ಲ. ನಾಯಕರ ಒಂದು ದಿನದ ಕಾರ್ಯಕ್ರಮ ನಾಲ್ಕು ಹಳ್ಳಿಗಳಲ್ಲಿರುತ್ತದೆ, ಬಸ್ಸು ಕಾದುಕೊಂಡು ಕೂತರೆ ಒಂದೂ ಸಿಗುವುದಿಲ್ಲ. ಹಾಗಾಗಿ ಅವರ ಹಿಂದಿನ ಕಾರಿನಲ್ಲಿ ನಮಗೆ ಜಾಗ. ಮೊದಮೊದಲು ಆ ಕಾರಿನಲ್ಲಿ ನಾವು ಮೂವರು ವರದಿಗಾರರು ಒತ್ತಿಕೊಂಡು ಕೂರುತ್ತಿದ್ದೆವು. ಆಮೇಲೆ ಅವರು ನನ್ನೊಬ್ಬನನ್ನು ತಮ್ಮ ಕಾರಿಗೇ ಕರೆಯತೊಡಗಿದರು. ನನ್ನ ಕನ್ನಡ ಅವರಿಗೆ ಹಿಡಿಸಿತ್ತಂತೆ. ಭಾಷಣಕ್ಕೆ ಎರಡು ಒಳ್ಳೆ ಮಾತು ಕೇಳುತ್ತಿದ್ದರು, ಹೇಳುತ್ತಿದ್ದೆ. ಸಂಜೆ ಅದೇ ಮಾತನ್ನು ಅವರು ಹೇಳಿದರೆಂದು ನಾನೇ ವರದಿ ಮಾಡುತ್ತಿದ್ದೆ. ನಾನೇ ಅಡುಗೆ ಮಾಡಿ, ನಾನೇ ಉಂಡು, ಊಟ ಸೊಗಸಾಗಿತ್ತು ಅಂದ ಹಾಗೆ.

ಅವರು ಕೆಟ್ಟವರಾಗಿದ್ದರೆ ಇದನ್ನು ಬರೆಯುವುದು ಸುಲಭವಾಗುತ್ತಿತ್ತು. ದಾರಿಯಲ್ಲಿ ಕಾರು ನಿಲ್ಲಿಸಿ ಮಂಡಕ್ಕಿ ಮಿರ್ಚಿ ಕಟ್ಟಿಸಿದರೆ ಮೊದಲ ಪೊಟ್ಟಣ ಡ್ರೈವರ್‌ಗೆ, ಎರಡನೆಯದು ನನಗೆ, ಆಮೇಲೆ ಅವರಿಗೆ. ನನ್ನ ಹೆಂಡತಿಗೆ ಹೊಟ್ಟೆಯಲ್ಲಿ ಗಡ್ಡೆಯಾಗಿ ದೊಡ್ಡ ಆಸ್ಪತ್ರೆಯಲ್ಲಿ ಹಾಸಿಗೆ ಸಿಗದೆ ಎರಡು ದಿನ ವರಾಂಡದಲ್ಲಿ ಮಲಗಿದ್ದಳು. ಅವರು ಒಂದು ಫೋನು ಮಾಡಿದರು. ಒಂದು ಗಂಟೆಯೊಳಗೆ ಹಾಸಿಗೆ ಸಿಕ್ಕಿತು, ಎರಡು ದಿನಕ್ಕೆ ಆಪರೇಷನ್ ಆಯಿತು, ಅವಳು ಬದುಕಿದಳು. ಅವತ್ತಿನವರೆಗೆ ಅವರನ್ನು ಸಾರ್ ಅನ್ನುತ್ತಿದ್ದೆ. ಅವತ್ತಿನಿಂದ ಅಣ್ಣಾ ಅಂದೆ. ಅವರು ನನ್ನನ್ನು ತಮ್ಮಾ ಅಂದರು. ಉಂಡ ಮನೆಗೆ ಎರಡು ಬಗೆಯಬಾರದು ಎಂದು ನಮ್ಮ ಹಿರಿಯರು ಹೇಳಿದ್ದಾರೆ. ವರದಿಗಾರ ಉಣ್ಣುವ ಮನೆ ಯಾವುದು ಎಂದು ಯಾರೂ ಹೇಳಿಕೊಡಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ.

ನಮ್ಮ ಕೆಲಸದ ಒಂದು ರೂಢಿಯನ್ನು ಇಲ್ಲಿ ಹೇಳಬೇಕು. ಜಿಲ್ಲಾ ಪುಟಕ್ಕೆ ಸುದ್ದಿ ಸಂಜೆ ಐದರೊಳಗೆ ಸೇರಬೇಕು. ನಾಯಕರ ಸಭೆ ಬೆಳಿಗ್ಗೆ ಹನ್ನೊಂದಕ್ಕೆ ಎಂದರೆ ಮಧ್ಯಾಹ್ನ ಮೂರಕ್ಕೆ, ಮೂರಕ್ಕೆ ಎಂದರೆ ದೀಪ ಹಚ್ಚುವ ಹೊತ್ತಿಗೆ. ಅದಕ್ಕೇ ನಾವು ಸಭೆಗೆ ಮುಂಚೆಯೇ ಸುದ್ದಿ ಬರೆದು ಕಳಿಸುತ್ತಿದ್ದೆವು. ಯಾವ ಊರು, ಯಾವ ಅರ್ಜಿಗಳು, ಯಾವುದಕ್ಕೆ ಏನು ಆದೇಶ ಎಂಬ ಪಟ್ಟಿಯನ್ನು ನಾಯಕರ ಆಪ್ತ ಸಹಾಯಕ ಬೆಳಿಗ್ಗೆಯೇ ಮೊಬೈಲಿಗೆ ಹಾಕುತ್ತಿದ್ದ. ಭಾಷಣ ನಮಗೆ ಬಾಯಿಪಾಠವಾಗಿತ್ತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದು ನಮ್ಮಲ್ಲಿ ಬರೀ ಗಾದೆಯಾಗಿರಲಿಲ್ಲ, ದಿನದ ಕೆಲಸವಾಗಿತ್ತು. ಫೋಟೋ ಮಾತ್ರ ಆಮೇಲೆ ಕಳಿಸುತ್ತಿದ್ದೆವು. ತಡವಾದರೆ ಹಳೆಯದೇ ಒಂದು ಹೋಗುತ್ತಿತ್ತು. ಶಾಮಿಯಾನ ಎಲ್ಲ ಊರಲ್ಲೂ ಒಂದೇ ಥರ ಇರುತ್ತದಲ್ಲ, ಯಾರಿಗೆ ಗೊತ್ತಾಗುತ್ತದೆ?

ಆ ಹಳ್ಳಿ ಕಾಲುವೆಯ ಆಚೆ ದಡದಲ್ಲಿತ್ತು. ಊರಿಗೆ ಹೋಗಲು ಕಾಲುವೆಯ ಮೇಲೊಂದು ಕಿರಿದಾದ ಸೇತುವೆ. ಭತ್ತ ಕೊಯ್ಯುವ ಯಂತ್ರ ದಾಟುವಾಗ ತಾಗಿ ಒಂದು ಬದಿಯ ತಡೆಗೋಡೆ ಉದ್ದಕ್ಕೂ ಬಿದ್ದುಹೋಗಿತ್ತು. ಊರಿನವರು ಅಲ್ಲಿ ಎರಡು ಗೂಟ ನೆಟ್ಟು, ಹಗ್ಗ ಕಟ್ಟಿ, ಜಾಲಿ ಮುಳ್ಳು ಒಟ್ಟಿದ್ದರು. ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವ ಹೆಂಗಸೊಬ್ಬಳು ಅದನ್ನು ಸರಿಮಾಡಿಸಿ ಎಂದು ಮೂರು ಅರ್ಜಿ ಕೊಟ್ಟಿದ್ದಳು. ನಾಯಕರು ಆ ಊರಲ್ಲಿ ಜನರ ಕುಂದುಕೊರತೆ ಸಭೆ ಮಾಡುತ್ತಾರೆಂದು ಗೊತ್ತಾದಾಗ ನಾಲ್ಕನೆಯದನ್ನೂ ಬರೆದಿಟ್ಟುಕೊಂಡಿದ್ದಳು. ಸಹಾಯಕ ಕಳಿಸಿದ ಪಟ್ಟಿಯಲ್ಲಿ ಮೊದಲನೆಯದೇ ಅದು. 'ಮುರಿದ ಸೇತುವೆಗೆ ತಡೆಗೋಡೆ: ಸ್ಥಳದಲ್ಲೇ ಪರಿಹಾರ' ಎಂದು ತಲೆಬರಹ ಕೊಟ್ಟು ಮಧ್ಯಾಹ್ನ ಒಂದು ಗಂಟೆಗೆ ಸುದ್ದಿ ಕಳಿಸಿಬಿಟ್ಟೆ. ಅಧಿಕಾರಿಗಳನ್ನು ನಾಯಕರು ತರಾಟೆಗೆ ತೆಗೆದುಕೊಂಡರು ಎಂದೂ ಸೇರಿಸಿದ್ದೆ. ಪಟ್ಟಿಯಲ್ಲಿ ತರಾಟೆ ಇರಲಿಲ್ಲ, ಅದು ನನ್ನ ಕಡೆಯ ಒಗ್ಗರಣೆ.

ದಾರಿಯಲ್ಲಿ ಒಂದು ಕೆರೆಯ ಏರಿಯ ಮೇಲೆ ಕಾರು ಹೋಗುತ್ತಿದ್ದಾಗ ನಾಯಕರ ಫೋನು ಬಡಿದುಕೊಂಡಿತು. ಮೇಲಿನ ನಾಯಕರೊಬ್ಬರು ದಾವಣಗೆರೆಗೆ ಬಂದಿದ್ದಾರೆ, ಕೂಡಲೇ ಬರಬೇಕಂತೆ. ಕಾರು ತಿರುಗಿತು. ಹಿಂದಿನ ಸೀಟಿನಲ್ಲಿ ನಾನಿದ್ದೆ. ಅವರು ಕನ್ನಡಿಯಲ್ಲಿ ನನ್ನನ್ನು ನೋಡಿದರು.

"ಸುದ್ದಿ ಕಳ್ಸಿದ್ಯಾ ತಮ್ಮಾ?"

"ಕಳ್ಸೀನಿ ಅಣ್ಣಾ. ಫೋನ್ ಮಾಡಿ ತೆಗ್ಸ್ಲಾ?"

"ಯಾಕೆ ತೆಗ್ಸ್ತೀಯ? ನಾಡಿದ್ದು ಹೋಗಾದು ಐತಲ್ಲ. ಇಂಜಿನಿಯರ್‌ಗೆ ಈಗ್ಲೇ ಹೇಳ್ತೀನಿ ತಡಿ."

ಹೇಳಿದರು ಕೂಡ. ನನ್ನ ಕಣ್ಣೆದುರೇ ಫೋನು ಹಚ್ಚಿ, ಆ ಸೇತುವೆ ನೋಡ್ರಿ ಸ್ವಲ್ಪ, ಎಂದರು. ನಾಡಿದ್ದು ಬರಲಿಲ್ಲ, ಆ ಮಾತು ಬೇರೆ. ಆಗ ಗಂಟೆ ಮೂರು. ಐದಕ್ಕೆ ಇನ್ನೂ ಎರಡು ಗಂಟೆಯಿತ್ತು. ಫೋನು ನನ್ನ ಜೇಬಿನಲ್ಲಿತ್ತು. ಒಂದು ಮಾತು ಹೇಳಿದ್ದರೆ ಸುದ್ದಿ ನಿಲ್ಲುತ್ತಿತ್ತು. ಹೆದರಿಕೆಯಾಯಿತೇ ಎಂದರೆ ಇಲ್ಲ. ನನಗೆ ಸಂಕೋಚವಾಯಿತು. ಹೆಂಡತಿಯನ್ನು ಉಳಿಸಿಕೊಟ್ಟವರ ಮುಂದೆ ಅವರ ಸುದ್ದಿಯನ್ನೇ ಕೀಳಿಸುವುದು ಹೇಗೆ ಎಂದು ಸಂಕೋಚ. ಕೆರೆಯ ನೀರು ನೋಡುತ್ತ ಕೂತೆ.

ಆ ಊರಿನಲ್ಲಿ ಜನ ಬೆಳಿಗ್ಗೆ ಹತ್ತರಿಂದ ಶಾಮಿಯಾನದ ಕೆಳಗೆ ಕಾದು, ನಾಲ್ಕಕ್ಕೆ ಎದ್ದು ಹೋದರಂತೆ. ಮಾರನೆಯ ದಿನ ಪತ್ರಿಕೆ ಹೋಯಿತು. ಮೂರು ಪತ್ರಿಕೆಗಳಲ್ಲಿ ಒಂದೇ ಸುದ್ದಿ, ಯಾಕೆಂದರೆ ನಾನು ಬರೆದದ್ದನ್ನೇ ಉಳಿದಿಬ್ಬರೂ ತೆಗೆದುಕೊಂಡು ಕಳಿಸಿದ್ದರು. ಆ ಕಡೆಯಿಂದ ಸಂತೆಗೆ ಬಂದವನೊಬ್ಬ ಚಹಾದ ಅಂಗಡಿಯಲ್ಲಿ ನನಗೆ ಕೇಳುವ ಹಾಗೇ ಹೇಳಿದ.

"ನಿನ್ನೆ ಸಾಹೇಬ್ರು ನಮ್ಮೂರಿಗೆ ಬಂದಿದ್ರಂತೆ ಕಣ್ರಪ್ಪೋ. ನಾವೇ ಊರಾಗೆ ಇರ್ಲಿಲ್ಲಂತೆ!"

ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ನಗು ನೆನಪಾದರೆ ಈಗಲೂ ನನ್ನ ಮೇಲೆ ನನಗೆ ಹೇಸಿಗೆ ಬರುತ್ತದೆ.

ಒಂದು ತಿಂಗಳಾದ ಮೇಲೆ ಆ ಅಡುಗೆಯ ಹೆಂಗಸು ನನ್ನನ್ನು ಹುಡುಕಿಕೊಂಡು ಬಂದಳು. ನಲವತ್ತರ ಆಸುಪಾಸು, ಸೀರೆಯ ಸೆರಗಿನಲ್ಲಿ ಒಗ್ಗರಣೆಯ ವಾಸನೆ, ಕೈಯಲ್ಲಿ ಪ್ಲಾಸ್ಟಿಕ್ ಚೀಲ. ಚೀಲದಿಂದ ಈ ಹಿಂಬರಹ ತೆಗೆದು ಮೇಜಿನ ಮೇಲಿಟ್ಟಳು. 'ಸದರಿ ಸಮಸ್ಯೆಯು ಸ್ಥಳದಲ್ಲೇ ಪರಿಹಾರವಾಗಿರುವುದು ಲಗತ್ತಿಸಿರುವ ಪತ್ರಿಕಾ ವರದಿಯಿಂದ ಕಂಡುಬಂದಿರುವುದರಿಂದ ಅರ್ಜಿಯನ್ನು ಮುಕ್ತಾಯಗೊಳಿಸಲಾಗಿದೆ.' ಮೂಲೆಯಲ್ಲಿ ನನ್ನ ತಲೆಬರಹ. ನಮ್ಮ ಸುದ್ದಿಯನ್ನು ಯಾರೂ ಅಷ್ಟು ಗಂಭೀರವಾಗಿ ಓದುವುದಿಲ್ಲ ಎಂದೇ ನಾನು ನಂಬಿದ್ದೆ. ಸರ್ಕಾರ ಓದಿತ್ತು, ಕತ್ತರಿಸಿ ಪಿನ್ನು ಹೊಡೆದಿತ್ತು.

"ಅಣ್ಣಾರೇ, ನಾನು ಜಗಳ ಆಡಾಕೆ ಬಂದಿಲ್ಲ," ಎಂದಳು. "ಆಫೀಸ್ನೋರು ಹೇಳ್ತಾರೆ, ಪೇಪರ್‌ನಾಗೆ ಬಂದೈತಲ್ಲಮ್ಮ, ಆಗೈತೆ ಅಂತ. ಆಗಿಲ್ಲ ಅಂತ ನೀವೇ ಪೇಪರ್‌ನಾಗೆ ಒಂದು ಸಾಲು ಹಾಕ್ರಿ. ಅದನ್ನ ತಗಂಡು ಹೋಗಿ ತೋರಿಸ್ತೀನಿ. ಮುಂದಿನ ತಿಂಗ್ಳು ಕಾಲುವೆಗೆ ನೀರು ಬಿಡ್ತಾರೆ. ನಮ್ಮೆಜಮಾನ್ರು ದಿನಾ ಬೆಳಿಗ್ಗೆ ಡೈರಿಗೆ ಹಾಲು ತಗಂಡು ಅದೇ ಸೇತುವೆ ಮೇಲೆ ಸೈಕಲ್‌ನಾಗೆ ಹೋಗ್ಬೇಕು."

"ಈ ವಾರವೇ ಹಾಕಿಸ್ತೀನಮ್ಮ," ಎಂದೆ. ಹಿಂಬರಹದ ಫೋಟೋ ತೆಗೆದುಕೊಂಡೆ. ನೀರು ಕುಡಿಯುತ್ತೀರಾ ಎಂದು ಕೇಳಿದೆ. ಬೇಡ ಎಂದು ಚೀಲ ಮಡಚಿಕೊಂಡು ಹೋದಳು.

ತಿದ್ದುಪಡಿ ಬರೆದದ್ದು ಸುಳ್ಳಲ್ಲ. ನಾಲ್ಕು ಸಾಲು, ಮೊಬೈಲಿನಲ್ಲಿ ಬರೆದಿಟ್ಟೆ. ಕಳಿಸಲಿಲ್ಲ. ನಡೆಯದ ಸಭೆ ನಡೆದಿದೆ ಎಂದು ಬರೆದೆ ಅಂತ ಜಿಲ್ಲಾ ಕಚೇರಿಗೆ ಯಾವ ಬಾಯಲ್ಲಿ ಹೇಳುವುದು? ನಾಯಕರಿಗೆ ಹೇಳಿದೆ. "ಮಾಡಿಸ್ತೀನಿ ಬಿಡು ತಮ್ಮಾ, ಅದಕ್ಕೆ ಪೇಪರ್‌ನಾಗೆ ಯಾಕೆ?" ಎಂದರು. ಗೋಡೆ ಒಂದು ಎದ್ದರೆ ಸುಳ್ಳು ತಾನೇ ನಿಜವಾಗುತ್ತದಲ್ಲ ಎಂದು ನನಗೂ ಸಮಾಧಾನವಾಯಿತು. ಎಂಥ ಲೆಕ್ಕಾಚಾರ ನೋಡಿ. ವರದಿಯನ್ನು ತಿದ್ದುವುದು ಬಿಟ್ಟು ಊರನ್ನೇ ವರದಿಗೆ ಸರಿಯಾಗಿ ತಿದ್ದಲು ಕಾಯುತ್ತ ಕೂತೆ. ಅವಳು ಎರಡು ಸಲ ಫೋನು ಮಾಡಿದಳು. ಮೊದಲ ಸಲ ಈ ವಾರ ಎಂದೆ. ಎರಡನೇ ಸಲ ನಂಬರು ನೋಡಿ ಎತ್ತಲೇ ಇಲ್ಲ.

ಕಾಲುವೆಗೆ ನೀರು ಬಿಟ್ಟ ಒಂಬತ್ತನೇ ದಿನ ನಮ್ಮ ವರದಿಗಾರರ ಗುಂಪಿಗೆ ಸಂದೇಶ ಬಂತು. ಕಾಲುವೆಗೆ ಬಿದ್ದು ಒಬ್ಬರು ಕಾಣೆ. ಬೆಳಗಿನ ಮಂಜಿನಲ್ಲಿ ಎದುರಿಗೆ ಟ್ರ್ಯಾಕ್ಟರ್ ಬಂತಂತೆ, ಜಾಗ ಬಿಡಲು ಸೈಕಲ್ಲನ್ನು ಬದಿಗೆ ಒತ್ತಿಸಿಕೊಂಡರಂತೆ. ಬದಿಯಲ್ಲಿ ಏನೂ ಇರಲಿಲ್ಲ. ಮುಳ್ಳು ಯಾವಾಗಲೋ ಸರಿದುಹೋಗಿತ್ತು. ಮೊದಲು ತೂಬಿನ ಬಾಗಿಲಿನ ಹತ್ತಿರ ಹಾಲಿನ ಕ್ಯಾನು ಸಿಕ್ಕಿತು. ಮಾರನೆಯ ದಿನ ಅವರು ಸಿಕ್ಕರು. ಯಾರೆಂದು ನನಗೆ ಕ್ಯಾನಿನ ಮಾತು ಕೇಳಿದಾಗಲೇ ಗೊತ್ತಾಗಿತ್ತು. ಮನೆಯಲ್ಲಿ ಊಟಕ್ಕೆ ಕೂತವನು ಎದ್ದುಬಿಟ್ಟೆ. ಏನಾಯಿತೆಂದು ಹೆಂಡತಿ ಕೇಳಿದಳು. ಹೊಟ್ಟೆ ಸರಿಯಿಲ್ಲ ಎಂದೆ. ಅವಳ ಮುಖ ನೋಡಿ ಹೇಳುವ ಧೈರ್ಯ ಬರಲಿಲ್ಲ.

ಮೂರನೇ ದಿನ ನಾಯಕರು ಆ ಮನೆಗೆ ಹೊರಟರು. ಈ ಸಲ ನಿಜವಾಗಿ ಹೊರಟರು, ನನ್ನನ್ನೂ ಕರೆದರು. ನಾಲ್ಕಕ್ಕೆ ತಲುಪುವುದಿತ್ತು. ಸುದ್ದಿ ತಪ್ಪಿಹೋಗಬಾರದು, ಸ್ವಲ್ಪ ಮುಂಚೆಯೇ ಕಳ್ಸಿಬಿಡ್ರಿ, ಎಂದು ಸಹಾಯಕ ಹೇಳಿದ. ಅರ್ಧ ದಾರಿ ದಾಟಿದ ಮೇಲೆ ಕಾರಿನಲ್ಲೇ ಬರೆದು ಕಳಿಸಿದೆ. ಹೌದು, ಕಳಿಸಿದೆ. ಎಲ್ಲ ಗೊತ್ತಿದ್ದೂ ಕಳಿಸಿದೆ. ಬೆರಳಿಗೆ ರೂಢಿಯಾಗಿತ್ತು, ಬರೆಯಿತು.

ಮನೆಯ ಮುಂದೆ ಹತ್ತಿಪ್ಪತ್ತು ಜನ ನಿಂತಿದ್ದರು. ಅವಳು ಬಾಗಿಲ ಪಕ್ಕದ ಗೋಡೆಗೆ ಒರಗಿ ಕೂತಿದ್ದಳು. ನಾಯಕರು ಹತ್ತಿರ ಹೋಗಿ ಕೈ ಮುಗಿದರು, ಅವಳ ಮುಂದೆ ನೆಲದ ಮೇಲೇ ಕೂತರು, ಆಗಬಾರದಿತ್ತಮ್ಮ, ಆಗಬಾರದಿತ್ತು, ಎಂದರು. ಅವರ ಕಣ್ಣು ಒದ್ದೆಯಾಗಿತ್ತು, ಅದು ನಾಟಕವಲ್ಲ, ಇವತ್ತಿಗೂ ನಾನು ಹಾಗೇ ನಂಬುತ್ತೇನೆ. ಅವಳು ಅವರ ಕಡೆ ನೋಡಲಿಲ್ಲ. ಹಿಂದೆ ನಿಂತಿದ್ದ ನನ್ನನ್ನು ನೋಡಿದಳು.

"ಅಣ್ಣಾರೇ, ಇವತ್ತಿಂದೂ ಬರ್ದಾಯ್ತೇನ್ರಿ?"

ಯಾರಿಗೂ ಅರ್ಥವಾಗಲಿಲ್ಲ. ನಾಯಕರಿಗೆ ಆಯಿತು, ತಲೆ ತಗ್ಗಿಸಿದರು. ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ.

"ಬರ್ದೀನಮ್ಮ," ಎಂದೆ.

"ಹಂಗಾದ್ರೆ ಓದ್ರಿ. ನಮ್ಮನೇಲಿ ಏನೇನಾತು ಅಂತ ನಮ್ಗೂ ಗೊತ್ತಾಗ್ಲಿ."

ಮೊಬೈಲು ತೆಗೆದೆ. ಓದಿದೆ. 'ನಾಯಕರನ್ನು ಕಂಡೊಡನೆ ಮೃತರ ಪತ್ನಿಯ ದುಃಖದ ಕಟ್ಟೆಯೊಡೆಯಿತು. ಅವರ ಕಾಲಿಗೆರಗಿ ಗೋಳಿಟ್ಟ ದೃಶ್ಯ ನೆರೆದವರ ಕಣ್ಣಲ್ಲೂ ನೀರು ತರಿಸಿತು. ಸೇತುವೆಗೆ ತಡೆಗೋಡೆ ನಿರ್ಮಿಸಲು ನಾಯಕರು ಸ್ಥಳದಲ್ಲೇ ಸೂಚಿಸಿದರು.' ನನ್ನ ದನಿ ನನಗೇ ಬೇರೆಯವರದಂತೆ ಕೇಳಿಸುತ್ತಿತ್ತು. ಕೊನೆಯ ಸಾಲಿನಲ್ಲಿ ನಿಂತುಹೋಯಿತು.

"ನಾನು ಅತ್ತಿಲ್ರಿ," ಎಂದಳು ಅವಳು. "ಮೂರು ದಿನ ಆತು, ಅಳು ಬಂದಿಲ್ಲ. ಯಾರ ಕಾಲಿಗೂ ಬಿದ್ದಿಲ್ಲ. ಅದನ್ನ ತೆಗ್ಸ್ರಿ."

ಆ ಅಂಗಳದಲ್ಲೇ ನಿಂತು ಜಿಲ್ಲಾ ಕಚೇರಿಗೆ ಫೋನು ಮಾಡಿದೆ. ಯಾವ ಸಾಲು ತೆಗೆಯಬೇಕು ಎಂದು ಆ ಕಡೆಯವರು ಕೇಳಿದರು. ಪೂರ್ತಿ ಸುದ್ದಿ ತೆಗೆಯಿರಿ, ನಡೆಯುವ ಮುಂಚೆ ಬರೆದದ್ದು, ಎಂದೆ. ಹೋದ ಸಲದ ಸೇತುವೆಯ ಸಭೆಯೂ ನಡೆದಿರಲಿಲ್ಲ, ತಿದ್ದುಪಡಿ ಹಾಕಿ, ಎಂದೆ. ಏನ್ರಿ ಹೇಳ್ತಿದೀರಿ, ಎಂದು ಅವರು ಕೂಗಿದ್ದು ಪಕ್ಕದಲ್ಲಿದ್ದವರಿಗೂ ಕೇಳಿಸಿತು. ಇನ್ನೊಮ್ಮೆ ಹೇಳಿದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ನನ್ನ ಕೆಲಸ ಅಲ್ಲಿಗೆ ಮುಗಿಯಿತು, ಅದಕ್ಕೆ ಬೇಸರವಿಲ್ಲ. ನಾಯಕರು ಎದ್ದು ಕಾರು ಹತ್ತಿದರು. ನಾನು ಹತ್ತಲಿಲ್ಲ.

ಹೊರಡುವಾಗ ಅವಳು ಒಳಗೆ ಹೋಗಿ ಆ ಪ್ಲಾಸ್ಟಿಕ್ ಚೀಲ ತಂದಳು. ಹಿಂಬರಹ ತೆಗೆದು ನನ್ನ ಕೈಗಿಟ್ಟಳು.

"ನಾನಿದನ್ನ ಇಟ್ಕಂಡು ಏನ್ ಮಾಡ್ಲಿ? ನಿಮ್ದೇ ಬರಹ ಐತೆ, ನೀವೇ ಇಟ್ಕಳ್ರಿ."

ಸೇತುವೆ ದಾಟಿ ಬಸ್ಸಿನ ರಸ್ತೆಯವರೆಗೆ ನಡೆದೆ. ಗೋಡೆ ಬಿದ್ದ ಬದಿಯಲ್ಲಿ ಯಾರೋ ಹೊಸದಾಗಿ ಜಾಲಿ ಮುಳ್ಳು ಒಟ್ಟಿದ್ದರು. ಎರಡು ದಿನ ಬಿಟ್ಟು ಪತ್ರಿಕೆಯಲ್ಲಿ ತಿದ್ದುಪಡಿ ಬಂತು, ಒಳಪುಟದ ಕೆಳಗೆ, ಎರಡು ಸಾಲು. ಬಿಳಿಚೋಡಿನ ಕುರಿಗೂ ಎರಡೇ ಸಾಲು ಕೊಟ್ಟಿದ್ದೆವು.